ನೈಜೀರಿಯಾದ ನೈಜರ್ ಡೆಲ್ಟಾದಲ್ಲಿ ಕೆಲಸ ಮಾಡಿದವರು ಹೇಳಿ: ಒಂದೇ ಜಾಗ ನಮ್ಮದು ಅಂತ ಎರಡು ಹಳ್ಳಿ, ಪರಿಹಾರ ಯಾರಿಗೆ?

ಹೊಸಬ: ಪೋರ್ಟ್ ಹಾರ್ಕೋರ್ಟ್ ಹತ್ತಿರ ಪೈಪ್‌ಲೈನ್ ಸೈಟ್ ಇಂಜಿನಿಯರ್ ನಾನು, ಬಂದು ಮೂರು ತಿಂಗಳಾಯ್ತು. ಲೈನ್ ಹಾಯುವ ಜಾಗಕ್ಕಾಗಿ ಎರಡು ಹಳ್ಳಿಯವರು ಕಳೆದ ವಾರ ಮಚ್ಚು ಹಿಡಿದು ಬಡಿದಾಡಿದರು. ಆರು ಮನೆ ಸುಟ್ಟಿವೆ, ಕೆಲಸ ನಿಂತಿದೆ. ಪರಿಹಾರ ಲೆಕ್ಕ ಹಾಕಲು ಬೆಳೆ ಎಣಿಕೆ ಮತ್ತೆ ಶುರು ಮಾಡು ಅಂತ ಮೇಲಿನವರ ಒತ್ತಡ. ಇಂಥದ್ದು ಕಂಡವರು ಏನು ಮಾಡಿದಿರಿ?

ವಾರ್ರಿ ಕಡೆಯವ: ನಾನು ಊರಿನ ಮುಖ್ಯಸ್ಥ, ಚೀಫ್ ಒಬ್ಬರನ್ನೇ ನಂಬಿ ಕೆಟ್ಟೆ. ಅಲ್ಲಿನ ಪದ್ಧತಿಯಂತೆ ಕೋಲಾ ಕಾಯಿ, ಜಿನ್ ಬಾಟಲಿ ಇಟ್ಟು ಮಾತಾಡಿದ್ದಾಯ್ತು, ಸಹಿ ಬಿತ್ತು, ದುಡ್ಡು ಹೋಯ್ತು. ನಾಲ್ಕನೇ ದಿನ ಅದೇ ಊರಿನ ಹುಡುಗರು ಬಂದು ಸ್ವಾಂಪ್ ಬಗ್ಗಿ (ಜೌಗಿನಲ್ಲಿ ಅಗೆಯುವ ಯಂತ್ರ) ಕೀಲಿ ಕಿತ್ತುಕೊಂಡರು. ಚೀಫ್ ಅವರಿಗೆ ಬಿಡಿಗಾಸೂ ಹಂಚಿರಲಿಲ್ಲ. ಬಗ್ಗಿ ನಿಂತರೂ ಬಾಡಿಗೆ ನಿಲ್ಲಲ್ಲ, ದಿನಕ್ಕೆ 2 ಲಕ್ಷ ನೈರಾ. 23 ದಿನಕ್ಕೆ 46 ಲಕ್ಷ. ಕಳವಾದ ಡೀಸೆಲ್ 11 ಡ್ರಮ್, ವೆಲ್ಡರ್‌ಗಳ ಕೂತ ಕೂಲಿ, ಹೌಸ್‌ಬೋಟ್ ಎಲ್ಲ ಬೇರೆ. ಕೊನೆಗೆ ಹುಡುಗರಿಗೂ ಕೊಟ್ಟೆವು. ಅದು ಹೊಳೆಯಾಚೆ ಹಳ್ಳಿಗೆ ಗೊತ್ತಾಗಿ ರಾತ್ರೋರಾತ್ರಿ ದೋಣಿ ಕಟ್ಟಿಕೊಂಡು ಬಂದರು. ನಮ್ಮ ಕ್ರೇನ್ ಆಪರೇಟರ್ ಎರಡೂ ಊರಿಗೆ ನೆಂಟ, ಬಿಡಿಸಲು ಹೋಗಿ ತಲೆಗೆ ಏಟು ತಿಂದ. ಎಡಗಿವಿ ಇವತ್ತಿಗೂ ಕೇಳಲ್ಲ.

ಹತ್ತು ವರ್ಷ ಅಲ್ಲೇ: ಹುಡುಗರಿಗೆ ಕೊಟ್ಟಿದ್ದೇ ನಿಮ್ಮ ತಪ್ಪು. ಒಬ್ಬರಿಗೆ ಕೊಟ್ಟರೆ ನಾಳೆ ಇನ್ನೊಂದು ಗುಂಪು ನಾವೇ ನಿಜವಾದ ಯೂತ್ ಅಂತ ಬರುತ್ತೆ. ನಾನು ಯಾರ ಕೈಗೂ ಒಂದು ನೈರಾ ಇಡಲಿಲ್ಲ. ಗಲಭೆ ಹತ್ತಿಕ್ಕುವ ಸಶಸ್ತ್ರ ಮೊಬೈಲ್ ಪೊಲೀಸ್ ತರಿಸಿದೆ, 8 ಕಿಲೋಮೀಟರ್ ಲೈನ್ 40 ದಿನದಲ್ಲಿ ಹೂತೆ. ಇದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ.

ಬೋರಿಯಲ್ಲಿದ್ದೆ: ಪೊಲೀಸ್ ತರಿಸಿದ್ದನ್ನು ಹೆಮ್ಮೆಯಿಂದ ಹೇಳ್ತೀರಲ್ಲ ಸಾರ್. 1990ರಲ್ಲಿ ಉಮುಎಚೆಮ್ ಊರಿನಲ್ಲಿ ಜನ ಪ್ರತಿಭಟನೆಗೆ ಕೂತಾಗ ಎಣ್ಣೆ ಕಂಪನಿ ಶೆಲ್ ಇದೇ ಮೊಬೈಲ್ ಪೊಲೀಸರನ್ನು ಕೇಳಿತ್ತು. ಸುಮಾರು 80 ಜನ ಸತ್ತರು, 495 ಮನೆ ಹಾಳಾದವು. ನಾನಿದ್ದ ಓಗೋನಿ ಜನರ ಸೀಮೆಯಲ್ಲಿ 1994ರಲ್ಲಿ ಗುಂಪೊಂದು ತನ್ನವರೇ ಆದ ನಾಲ್ವರು ಮುಖಂಡರನ್ನು ಕೊಂದಿತು. ಆ ಕೇಸಿನಲ್ಲೇ 1995ರ ನವೆಂಬರ್ 10ರಂದು ಲೇಖಕ, ಓಗೋನಿ ಹೋರಾಟಗಾರ ಕೆನ್ ಸಾರೊ-ವಿವಾ ಮತ್ತು ಇನ್ನೂ ಎಂಟು ಜನರನ್ನು ಮಿಲಿಟರಿ ಸರ್ಕಾರ ಗಲ್ಲಿಗೇರಿಸಿತು. ಅಲ್ಲಿ ನನ್ನ ಮನೆ ಮಾಲೀಕರು ಪಕ್ಕದ ಮನೆಯವರ ಜೊತೆ ಇವತ್ತಿಗೂ ಮಾತಾಡಲ್ಲ.

ಹತ್ತು ವರ್ಷ ಅಲ್ಲೇ: ಆ ರಕ್ತ ನನ್ನ ಕೈಗೆ ಒರೆಸಬೇಡಿ ರೀ. ನನ್ನ ಸೈಟಿನಲ್ಲಿ ಒಂದು ಗುಂಡೂ ಹಾರಲಿಲ್ಲ.

ಬೋರಿಯಲ್ಲಿದ್ದೆ: ನೀವು ಹೊರಟ ಮೇಲೆ? ಆಮೇಲೆ ಆ ಊರಿಗೆ ಒಮ್ಮೆಯಾದರೂ ಹೋಗಿ ನೋಡಿದ್ದೀರಾ?

ಎಣಿಕೆ ಮಾಡಿದವ: ನಿಮ್ಮಿಬ್ಬರ ಜಗಳ ಆಮೇಲೆ. ಅಲ್ಲಿ 1978ರ ಕಾನೂನಿನ ಪ್ರಕಾರ ಜಮೀನು ರಾಜ್ಯದ ಗವರ್ನರ್ ವಶ. ಉಳುವವನಿಗೆ ಸಿಗೋದು ಬೆಳೆ, ಮರ, ಕಟ್ಟಡದ ಬೆಲೆ ಅಷ್ಟೇ. ಹಾಗಾಗಿ ಎಣಿಕೆ ಅಂದ ಕೂಡಲೇ ರಾತ್ರೋರಾತ್ರಿ ತೋಟ ಹುಟ್ಟುತ್ತೆ. ಶನಿವಾರ ನಾನು 312 ಬಾಳೆ ಬರೆದುಕೊಂಡಿದ್ದೆ, ಸೋಮವಾರ 900 ದಾಟಿತ್ತು. ಎರಡು ಬೆರಳಲ್ಲಿ ಎತ್ತಿದರೆ ಬಾಳೆಕಂದು ಸಲೀಸಾಗಿ ಬರ್ತಿತ್ತು, ಬೇರಿಗೆ ಮಣ್ಣೇ ಹಿಡಿದಿರಲಿಲ್ಲ. ಸಿಟ್ಟಿನಲ್ಲಿ ಸೋಮವಾರದ ಹಾಳೆ ಪೂರ್ತಿ ಹೊಡೆದುಹಾಕಿದೆ. ಸಂಜೆ ನಮ್ಮ ಎರಡು ಬೈಕ್ ಸುಟ್ಟರು, ನನ್ನ ಹೊಟ್ಟೆಗೆ 14 ಹೊಲಿಗೆ. ಆ ಹಾಳೆಯಲ್ಲಿ ಒಬ್ಬ ಅಜ್ಜಿಯ ಮರಗೆಣಸಿನ ಹೊಲವೂ ಇತ್ತು. ಮಾರುದ್ದ ಬೆಳೆದು ನಿಂತ ನಿಜವಾದ ಬೆಳೆ. ಅದೂ ಹೋಯ್ತು.

ವಾರ್ರಿ ಕಡೆಯವ: ಅಜ್ಜಿ ಹೊಲ ಹೊಡೆದುಹಾಕಿದ ನಿಮಗೆ 14 ಹೊಲಿಗೆ ಕಮ್ಮಿಯೇ ಆಯ್ತು.

ಹತ್ತು ವರ್ಷ ಅಲ್ಲೇ: ಈಗ 2021ರ ಪೆಟ್ರೋಲಿಯಂ ಕಾಯ್ದೆ ಇದೆ. ಕಂಪನಿ ತನ್ನ ಹಿಂದಿನ ವರ್ಷದ ನಿರ್ವಹಣಾ ವೆಚ್ಚದ ಶೇ. 3ರಷ್ಟನ್ನು ಸ್ಥಳೀಯರ ಟ್ರಸ್ಟಿಗೆ ಕೊಡಬೇಕು. ಪೈಪ್ ಒಡೆದರೆ ರಿಪೇರಿ ಖರ್ಚು ಅದರಲ್ಲೇ ಕಟ್. ಹೊಡೆದಾಡುವವರೇ ಯೋಚಿಸಲಿ.

ಬೋರಿಯಲ್ಲಿದ್ದೆ: ನಾಲ್ಕು ಪುಂಡರು ಒಡೆದದ್ದಕ್ಕೆ ಇಡೀ ಊರಿನ ಬೋರ್‌ವೆಲ್ ದುಡ್ಡು ಕಟ್ ಆಗೋದು ನಿಮಗೆ ನ್ಯಾಯವಾ? ಟ್ರಸ್ಟಿನ ಪಟ್ಟಿಗೆ ಯಾವ ಊರು ಸೇರಬೇಕು ಅನ್ನೋದರಲ್ಲೇ ಮೊದಲ ಜಗಳ ಹುಟ್ಟುತ್ತೆ. 1997ರಲ್ಲಿ ವಾರ್ರಿ ಹೊತ್ತಿದ್ದು ಸ್ಥಳೀಯ ಸರ್ಕಾರದ ಕಚೇರಿಯನ್ನು ಇಜಾವ ಜನಾಂಗದ ಒಗ್ಬೆ-ಇಜೋದಿಂದ ಇತ್ಸೆಕಿರಿ ಜನಾಂಗದ ಒಗಿಡಿಗ್ಬೆನ್‌ಗೆ ಒಯ್ದದ್ದಕ್ಕೆ. ಕಚೇರಿ ಎಲ್ಲಿದ್ದರೆ ಎಣ್ಣೆ ದುಡ್ಡು ಅಲ್ಲಿ ಅಂತ ಇಜಾವರಿಗೂ ಇತ್ಸೆಕಿರಿಗಳಿಗೂ ಚೆನ್ನಾಗಿ ಗೊತ್ತಿತ್ತು.

ಹೊಸಬ: ಎಣಿಕೆ ಯಾವ ಹಳ್ಳಿಯಿಂದ ಶುರು ಮಾಡಲಿ? ಅದನ್ನು ಯಾರೂ ಹೇಳಲಿಲ್ಲ.

ಎಣಿಕೆ ಮಾಡಿದವ: ಯಾವ ಹಳ್ಳಿಯಿಂದಲೂ ಬೇಡ. ಎರಡೂ ಕಡೆಯ ಹೆಂಗಸರನ್ನು ಒಟ್ಟಿಗೆ ಕರಕೊಂಡು ನಡೆಯಿರಿ, ಯಾವ ಗಿಡ ಯಾರು ನೆಟ್ಟದ್ದು ಅಂತ ಅವರಿಗೆ ಗೊತ್ತು. ನಾನು ಮಾಡದೆ ಬಿಟ್ಟದ್ದು ಇದನ್ನೇ. ವಾರ್ರಿಯವರೇ, ಆ ಅಜ್ಜಿಯ ಹೆಸರು ಮತ್ತೆ ಸೇರಿಸಿ ಅಂತ ಆಫೀಸಿಗೆ ನಾಲ್ಕು ಸಲ ಬರೆದೆ, ಪಟ್ಟಿ ಮುಗಿದಿದೆ ಅಂದರು. ಪೈಪ್ ಹೂತು ಮಣ್ಣು ಮುಚ್ಚಿದ ಮೇಲೆ ಅವಳು ಅದರ ಮೇಲೇ ಮತ್ತೆ ಮರಗೆಣಸು ನೆಟ್ಟಿದ್ದಳು. ಗಾರ್ಡ್‌ಗಳು ಕಿತ್ತು ರಸ್ತೆ ಬದಿಗೆ ಎಸೆದಿದ್ದರು.