ಹನುಮಂತಪ್ಪ ಕೊಪ್ಪದ ಅವರ ಸ್ಮರಣೆಗೆ ಶಾಲೆಯಲ್ಲಿ ಫಲಕ: ಕರಡು ನೋಡಿ ಹೇಳಿ

ಶಾಲೆಗೋಡೆ: ಲಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರ ನೆನಪಿಗೆ ಶಾಲೆಯಲ್ಲಿ 4×3 ಅಡಿಯ ಫಲಕ ಹಾಕಿಸುತ್ತಿದ್ದೇವೆ. ಕರಡಿನಲ್ಲಿ ‘2016ರ ಫೆಬ್ರವರಿ 3, ಸಿಯಾಚಿನ್‌ನಲ್ಲಿ ವೀರಮರಣ’ ಅಂತಿದೆ. ಹಿನ್ನೆಲೆ ತುಂಬ ತ್ರಿವರ್ಣ ಧ್ವಜ, ಅದರ ಮೇಲೆ ಹೆಸರು. ಅನಾವರಣಕ್ಕೂ ಧ್ವಜವನ್ನೇ ಹೊದಿಸುವ ಯೋಚನೆ. ತಪ್ಪಿದ್ದರೆ ತಿದ್ದಿ.

ಹಿಮಗಾಡು: ದಿನಾಂಕ, ಸ್ಥಳ ಎರಡೂ ತಪ್ಪಿವೆ ಮೇಡಂ. ಫೆ. 3 ಹಿಮಕುಸಿತದ ದಿನ. ಸಿಯಾಚಿನ್‌ನ ಸುಮಾರು 19,600 ಅಡಿ ಎತ್ತರದ ಸೋನಂ ಸೇನಾ ಠಾಣೆಯಲ್ಲಿ ಹತ್ತು ಯೋಧರು ಹೂತುಹೋದರು. ಕಲ್ಲಿನಂತೆ ಗಟ್ಟಿಯಾಗಿದ್ದ ಮಂಜುಗಡ್ಡೆಯನ್ನು ಯಂತ್ರದಿಂದ ಕೊರೆದು, ಶ್ವಾನಗಳ ನೆರವಿನಿಂದ ಹುಡುಕಿದಾಗ 8ರಂದು ಇವರೊಬ್ಬರೇ ಜೀವಂತ ಸಿಕ್ಕರು. ಅಷ್ಟು ದಿನ ತಣ್ಣಗಾದ ದೇಹ ಮತ್ತೆ ಬೆಚ್ಚಗಾಗಿ, ಮರಗಟ್ಟಿದ ಭಾಗಗಳಿಗೆ ರಕ್ತ ಹರಿಯತೊಡಗುವಾಗಲೇ ಅಪಾಯ ಹೆಚ್ಚು. ವೈದ್ಯರು ಅದನ್ನು ಮೊದಲೇ ಹೇಳಿದ್ದರು. ನ್ಯುಮೋನಿಯಾ ಇತ್ತು, ಮೂತ್ರಪಿಂಡ, ಯಕೃತ್ತು ಕೈಕೊಟ್ಟವು. 11ರಂದು ದೆಹಲಿಯ ಸೇನಾ ಆಸ್ಪತ್ರೆಯಲ್ಲಿ ತೀರಿಕೊಂಡರು.

ಆ ಆರು ದಿನಗಳಷ್ಟನ್ನೇ ಬರೆದರೆ ಅವರಿಗೆ ಅನ್ಯಾಯ. ಕುಂದಗೋಳ ತಾಲ್ಲೂಕಿನ ಬೆಟದೂರಿನವರು, 2002ರಲ್ಲಿ ಸೇನೆ ಸೇರಿದವರು, 19ನೇ ಮದ್ರಾಸ್ ಬೆಟಾಲಿಯನ್. ಹದಿಮೂರು ವರ್ಷಗಳ ಸೇವೆಯಲ್ಲಿ ಹತ್ತು ವರ್ಷ ಕಠಿಣ ಪ್ರದೇಶಗಳಲ್ಲೇ ಕಳೆದರು: ಜಮ್ಮು-ಕಾಶ್ಮೀರ, 2008ರಿಂದ 2010ರವರೆಗೆ ಉಗ್ರರ ವಿರುದ್ಧ ಕಾರ್ಯಾಚರಿಸುವ ಸೇನಾ ಪಡೆ ರಾಷ್ಟ್ರೀಯ ರೈಫಲ್ಸ್, ಆಮೇಲೆ ಈಶಾನ್ಯ. ಮರಣೋತ್ತರ ಸೇನಾ ಪದಕವನ್ನೂ ಸೇರಿಸಿ.

ಅಚ್ಚುಮೊಳೆ: ಧ್ವಜದ ವಿಷಯ. ರಾಷ್ಟ್ರಧ್ವಜದ ಮೇಲೆ ಯಾವ ಅಕ್ಷರವನ್ನೂ ಬರೆಯುವಂತಿಲ್ಲ, ಧ್ವಜಸಂಹಿತೆ ಸ್ಪಷ್ಟವಾಗಿ ಹೇಳುತ್ತದೆ. ಅನಾವರಣಕ್ಕೂ ಅದನ್ನು ಹೊದಿಸಬಾರದು. ಬಿಳಿ ಬಟ್ಟೆ ಹಾಕಿ, ಧ್ವಜವನ್ನು ಪಕ್ಕದ ಕಂಬದಲ್ಲಿ ಹಾರಿಸಿ. ಹಿನ್ನೆಲೆ ತಿಳಿ ಬಣ್ಣದ್ದಿರಲಿ. ಹೆಸರು ಎರಡು ಇಂಚು, ಉಳಿದದ್ದು ಮುಕ್ಕಾಲು ಇಂಚಿಗಿಂತ ಸಣ್ಣದಾಗದಿರಲಿ. ಸಾಲುಗಳು ಹತ್ತಿರವಾದರೆ ಮೇಲಿನ ಒತ್ತಕ್ಷರ ಕೆಳಗಿನ ತಲೆಕಟ್ಟಿಗೆ ತಾಗುತ್ತದೆ. ನೂರು ಪದ ದಾಟಿಸಬೇಡಿ. ಫ್ಲೆಕ್ಸ್ ಬಿಸಿಲಿಗೆ ಬೇಗ ಮಾಸುತ್ತದೆ, ಗ್ರಾನೈಟ್‌ನಲ್ಲಿ ಕೆತ್ತಿಸಿ. ಫೋಟೊ ಬಳಸುವ ಮುನ್ನ ಮನೆಯವರನ್ನು ಕೇಳಿ.

ಹಿಮಗಾಡು: ಇನ್ನೊಂದು ಕೋರಿಕೆ. ಅದೇ ಕುಸಿತದಲ್ಲಿ ಹಾಸನ ಜಿಲ್ಲೆಯ ಸುಬೇದಾರ್ ನಾಗೇಶ್, ಮೈಸೂರು ಜಿಲ್ಲೆಯ ಸಿಪಾಯಿ ಮಹೇಶ್ ಕೂಡ ಹೋದರು. ಕೆಳಗೆ ಒಂದು ಸಾಲಿನಲ್ಲಾದರೂ ಅವರ ಹೆಸರು ಬರಲಿ.

ಶಾಲೆಗೋಡೆ: ಕೆತ್ತನೆಗೆ ಇನ್ನೂ ಕೊಟ್ಟಿಲ್ಲ, ಎಲ್ಲ ತಿದ್ದುತ್ತೇವೆ. ಮೂವರ ಹೆಸರೂ ಇರುತ್ತವೆ.