ಸಣ್ಣ ಶಾಲೆಗೆ ದುಡ್ಡು ಸೇರಿಸುವುದು ಹೇಗೆ?

ಮಲೆನಾಡ ಪೋಷಕಿ:
ನಮ್ಮೂರ ಟ್ರಸ್ಟ್ ನಡೆಸುವ ಸಣ್ಣ ಕನ್ನಡ ಶಾಲೆ, ಸರ್ಕಾರದ ಅನುದಾನ ಇಲ್ಲ. ಎರಡು ಕೊಠಡಿಗಳ ಹೆಂಚು ಹೋಗಿದೆ, ಮಳೆ ಬಂದರೆ ಮಕ್ಕಳು ಸೋರದ ಮೂಲೆಗೆ ಬೆಂಚು ಎಳೆದುಕೊಂಡು ಕೂರುತ್ತಾರೆ. ಫೀಸು ಏರಿಸಿದರೆ ಅರ್ಧ ಜನ ಬಿಡಿಸಿಬಿಡುತ್ತಾರೆ. ಬೇರೆ ದಾರಿ ಇದೆಯಾ?

ಕರಾವಳಿಯವ:
ನಮ್ಮ ಕಡೆ ಸಹಾಯಾರ್ಥ ಯಕ್ಷಗಾನ ಆಟ ಇಡುತ್ತೇವೆ. ಮೇಳದ ಖರ್ಚು, ಶಾಮಿಯಾನ, ಮೈಕ್ ಎಲ್ಲ ಕಳೆದರೆ ಟಿಕೆಟ್ಟಿನಲ್ಲಿ ಉಳಿಯುವುದು ಅಷ್ಟಕ್ಕಷ್ಟೇ. ಕೈ ಹಿಡಿಯುವುದು ಕರಪತ್ರದಲ್ಲಿ ಹಾಕುವ ಜಾಹೀರಾತಿನ ದುಡ್ಡು, ಮತ್ತೆ ಅಮ್ಮಂದಿರ ಗೋಳಿಬಜೆ ಸ್ಟಾಲು! ಬೆಳಗಿನ ಜಾವದವರೆಗೂ ಬಾಣಲೆ ಇಳಿಯುವುದಿಲ್ಲ.

ಲೆಕ್ಕದವ:
ಆಟ ಇಡಿ, ಆದರೆ ರಸೀದಿ ಮರೀಬೇಡಿ. ಟ್ರಸ್ಟಿಗೆ 80ಜಿ (ದಾನಿಗಳಿಗೆ ತೆರಿಗೆ ವಿನಾಯಿತಿ ಕೊಡಿಸುವ) ನೋಂದಣಿ ಇದ್ದರೂ 2,000 ರೂಪಾಯಿಗಿಂತ ಜಾಸ್ತಿ ನಗದು ಕೊಟ್ಟವರಿಗೆ ತೆರಿಗೆ ವಿನಾಯಿತಿ ಸಿಗಲ್ಲ, ಬ್ಯಾಂಕ್ ಮೂಲಕವೇ ಕೊಡಬೇಕು. ದುಬೈನಲ್ಲಿರುವ ಹಳೆ ವಿದ್ಯಾರ್ಥಿಗೆ ಭಾರತದ ಪಾಸ್‌ಪೋರ್ಟ್ ಇದ್ದರೆ ತನ್ನ ಉಳಿತಾಯದಿಂದ ಬ್ಯಾಂಕಿನಲ್ಲಿ ಕಳಿಸಬಹುದು, ಅಮೆರಿಕದ ಪೌರನಾಗಿದ್ದರೆ ಟ್ರಸ್ಟಿಗೆ ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ಕಾಯ್ದೆ) ಅನುಮತಿ ಬೇಕು. ಅಡ್ಮಿಷನ್ ಹೊತ್ತಲ್ಲಿ ಮಾತ್ರ ಡೊನೇಷನ್ ಕೇಳಬೇಡಿ, ಕ್ಯಾಪಿಟೇಷನ್, ಅಂದರೆ ಸೀಟಿಗಾಗಿ ಹೆಚ್ಚುವರಿ ಹಣ ವಸೂಲಿ, ನಿಷೇಧಿಸುವ 1984ರ ಕಾಯ್ದೆ ಇದೆ.

ಮಲೆನಾಡ ಪೋಷಕಿ:
ಕರಾವಳಿಯಣ್ಣ, ನಮ್ಮಲ್ಲಿ ಅಡಿಕೆ ಕೊಯ್ಲು ಮುಗಿಯದೆ ಯಾರೂ ಆಟಕ್ಕೆ ಬರಲ್ಲ. ಫೆಬ್ರವರಿಗೆ ಇಟ್ಟರೆ ಸರಿ ಅಲ್ವಾ?

ಕರಾವಳಿಯವ:
ಸರಿ, ಆದರೆ ಮೇಳದವರ ಬಳಿ ಈಗಲೇ ತಾರೀಕು ಕೇಳಿ.