ಹದ್ದುಬಸ್ತಿಗೆ ನಾನೇ ಹಾಜರಿರಬೇಕೇ? ಬದುವಿನ ಆಚೆ ನಿಲ್ಲುವವರು ನನ್ನ ತಂದೆಯನ್ನು ಕೊಂದವರು

ಪ್ರಶ್ನೆ: ಖುಷ್ಕಿ ಹೊಲ, ದಾವಣಗೆರೆ

ಜಗಳೂರು ತಾಲ್ಲೂಕಿನ ಒಂದು ಹಳ್ಳಿಯಲ್ಲಿ ನಮಗೆ 4 ಎಕರೆ 10 ಗುಂಟೆ ಖುಷ್ಕಿ ಜಮೀನಿದೆ. ತಾಯಿ ತೀರಿಕೊಂಡ ಮೇಲೆ ಪೌತಿ ಖಾತೆಯಾಗಿ ಪಹಣಿ ನನ್ನ ಹೆಸರಿಗೆ ಬಂತು. ಮಾರುವ ಮುನ್ನ ಹದ್ದುಬಸ್ತು, ಅಂದರೆ ಹೊಲದ ಗಡಿ ಅಳೆದು ಗುರುತು ಮಾಡುವುದು, ಆಗಲೇಬೇಕೆಂದು ಕೊಳ್ಳುವವರು ಪಟ್ಟು ಹಿಡಿದಿದ್ದರಿಂದ ಅರ್ಜಿ ಹಾಕಿದೆ. ಈಗ ಮೋಜಣಿದಾರರ (ಸರ್ವೆಯವರ) ನೋಟಿಸು ಕೈಸೇರಿದೆ. ಅಕ್ಕಪಕ್ಕದ ಹಿಡುವಳಿದಾರರಿಗೂ ಅದು ಹೋಗಿದೆ. ಪೂರ್ವ ದಿಕ್ಕಿನ ಹೊಲ ನಮ್ಮ ತಂದೆಯ ದಾಯಾದಿಯದು. 1993ರಲ್ಲಿ, ಶೇಂಗಾ ಕೀಳುವ ಕಾಲದಲ್ಲಿ, ಇದೇ ಬದುವಿನ ಜಗಳಕ್ಕೆ ಅವರು ನನ್ನ ಕಣ್ಣೆದುರಿಗೇ ನಮ್ಮ ತಂದೆಯನ್ನು ಮಚ್ಚಿನಿಂದ ಕೊಂದರು. ಅಡ್ಡ ಹೋದ ನನ್ನ ಎಡಗೈಗೂ ಏಟು ಬಿತ್ತು. ನನಗಾಗ 9 ವರ್ಷ.

ಅವರು ಎಂದು ಬರೆಯುತ್ತಿರುವುದನ್ನು ಓದುವವರು ಬೇರೆ ರೀತಿ ತಿಳಿಯಬಾರದು. ನಾನು ಅವರನ್ನು ಚಿಕ್ಕಪ್ಪ ಎಂದು ಕರೆದು ಬೆಳೆದವನು. ಏಕವಚನದಲ್ಲಿ ಬರೆಯಲು ಇಂದಿಗೂ ಕೈ ಏಳುವುದಿಲ್ಲ, ಬಹುವಚನದಲ್ಲಿ ಬರೆದಾಗ ಅಪ್ಪನಿಗೆ ದ್ರೋಹ ಬಗೆದಂತಾಗುತ್ತದೆ.

ಆಗ ದಾವಣಗೆರೆ ಜಿಲ್ಲೆ ಇನ್ನೂ ಆಗಿರಲಿಲ್ಲವಾದ್ದರಿಂದ ವಿಚಾರಣೆ ಚಿತ್ರದುರ್ಗದಲ್ಲಿ ನಡೆಯಿತು. ಕಟಕಟೆಯೊಳಗೆ ನಿಂತರೆ ನನ್ನ ತಲೆಯಷ್ಟೇ ಕಾಣುತ್ತಿತ್ತು, ಆದ್ದರಿಂದ ಜವಾನರು ಒಂದು ಸ್ಟೂಲು ತಂದು ಅದರ ಮೇಲೆ ನಿಲ್ಲಿಸಿದರು. ನ್ಯಾಯಾಧೀಶರು ಮೊದಲು ಎಷ್ಟನೇ ಕ್ಲಾಸು ಎಂದರು, ಆಮೇಲೆ ಸುಳ್ಳು ಹೇಳಿದರೆ ಏನಾಗುತ್ತದೆ ಎಂದರು. ಮೇಷ್ಟ್ರು ಹೊಡೆಯುತ್ತಾರೆ ಎಂದೆ, ಯಾರೋ ನಕ್ಕರು. ಅದಕ್ಕೂ ಮೊದಲೇ ಊರಿನ ನಾಲ್ಕು ಜನ ನಮ್ಮ ಪಡಸಾಲೆಯಲ್ಲಿ ಕೂತು, ಹುಡುಗನಿಗೆ ಏನೂ ನೆನಪಿಲ್ಲ ಎಂದು ಹೇಳಿಸಿದರೆ ಎರಡು ಎಕರೆ ಬಿಟ್ಟುಕೊಡಿಸುತ್ತೇವೆ ಎಂದು ಅವ್ವನಿಗೆ ಹೇಳಿ ಹೋಗಿದ್ದರು. ಅವ್ವ ಒಪ್ಪಲಿಲ್ಲ. ಚಿಕ್ಕಪ್ಪನಿಗೆ ಜೀವಾವಧಿ ಶಿಕ್ಷೆಯಾಯಿತು. ಅವರ ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಕೂಲಿಗೆ ಹೋಗುವುದನ್ನು ಊರು ದಿನವೂ ನೋಡಿತು. "ನಿನ್ನ ಒಂದು ಮಾತಿನಿಂದ ಒಂದು ಮನೆ ಹಾಳಾಯಿತು" ಎಂದು ನೀರಿನ ಟ್ಯಾಂಕಿನ ಬಳಿ ಒಬ್ಬ ಅಜ್ಜಿ ನನಗೆ ಹೇಳಿದಾಗ ನಾನು ಆರನೇ ಕ್ಲಾಸಿನಲ್ಲಿದ್ದೆ. ಮರುವರ್ಷವೇ ಸೋದರಮಾವ ಬಂದು ನನ್ನನ್ನೂ ಅವ್ವನನ್ನೂ ದಾವಣಗೆರೆಗೆ ಕರೆತಂದರು. 2009ರ ಹೊತ್ತಿಗೆ ಸನ್ನಡತೆಯ ಮೇಲೆ ಬಿಡುಗಡೆಯಾದ ಚಿಕ್ಕಪ್ಪ ಈಗ ಅದೇ ಹೊಲದಲ್ಲಿ ಮೆಕ್ಕೆಜೋಳ ಬೆಳೆಯುತ್ತಿದ್ದಾರೆ.

ಮೋಜಣಿಯ ದಿನ ನಾನೇ ಹೋಗಿ ಆ ಬದುವಿನ ಮೇಲೆ ನಿಲ್ಲಬೇಕೇ, ಅಥವಾ ಬೇರೆಯವರನ್ನು ಕಳಿಸಬಹುದೇ? ನೋಟಿಸು ಬಂದ ದಿನದಿಂದ ನಿದ್ದೆ ಹತ್ತುತ್ತಿಲ್ಲವಾದ್ದರಿಂದ ನಾಚಿಕೆ ಬಿಟ್ಟು ಕೇಳುತ್ತಿದ್ದೇನೆ.

ಉತ್ತರ: ಕರಿಕೋಟು, ಚಿತ್ರದುರ್ಗ

ನಿಮ್ಮ ಪರವಾಗಿ ಬೇರೆಯವರು ನಿಲ್ಲಬಹುದು. ನಂಬಿಕೆಯ ಸಂಬಂಧಿಕರೊಬ್ಬರಿಗೆ ಅಧಿಕಾರ ಪತ್ರ ಬರೆದುಕೊಟ್ಟು, ನೋಟಿಸಿನ ಪ್ರತಿ ಮತ್ತು ಪಹಣಿಯ ಜೊತೆ ಕಳಿಸಿರಿ. ಮೋಜಣಿದಾರರಿಗೆ ಒಂದು ದಿನ ಮೊದಲೇ ಫೋನಿನಲ್ಲಿ ತಿಳಿಸಿದರೆ ಸ್ಥಳದಲ್ಲಿ ತಕರಾರು ಬರುವುದಿಲ್ಲ. ಹಳೆಯ ಪ್ರಕರಣದ ಕಾರಣ ಹೇಳಿ ಠಾಣೆಗೆ ಒಂದು ಅರ್ಜಿ ಕೊಟ್ಟು ಬಂದೋಬಸ್ತು ಕೇಳುವುದೂ ಒಳ್ಳೆಯದು. ಅದು ಯಾರ ಮೇಲೂ ದೂರಲ್ಲ.

ಆದರೆ ನಿಮ್ಮ ಬರಹದಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು ಆ ಅಜ್ಜಿಯ ಮಾತು. 2024ರವರೆಗೆ ಜಾರಿಯಲ್ಲಿದ್ದ 1872ರ ಸಾಕ್ಷ್ಯ ಕಾಯ್ದೆಯ 118ನೇ ಕಲಮಿನ ಪ್ರಕಾರ ಪ್ರಶ್ನೆ ಅರ್ಥವಾಗಿ ಸರಿಯಾದ ಉತ್ತರ ಕೊಡಬಲ್ಲ ಮಗು ಸಾಕ್ಷಿ ನುಡಿಯಬಹುದಿತ್ತು. ನಿಮ್ಮನ್ನು ಕ್ಲಾಸು, ಸುಳ್ಳು ಎಂದೆಲ್ಲ ಕೇಳಿದ್ದು ಅದನ್ನು ಅಳೆಯಲಿಕ್ಕೇ. 1969ರ ಪ್ರಮಾಣಗಳ ಕಾಯ್ದೆಯು 12 ವರ್ಷದೊಳಗಿನ ಮಗುವಿಗೆ ಪ್ರಮಾಣದ ಅರ್ಥ ತಿಳಿಯದಿದ್ದರೆ ಪ್ರಮಾಣ ಮಾಡಿಸದೆಯೇ ಹೇಳಿಕೆ ಪಡೆಯಲು ಅವಕಾಶ ಕೊಡುತ್ತದೆ. ಮಗುವಿನ ಮಾತೊಂದರ ಮೇಲೆಯೇ ಶಿಕ್ಷೆ ಕೊಡಲು ಕಾನೂನಿನ ಅಡ್ಡಿಯಿಲ್ಲ. ಆದರೂ ಮಗುವಿಗೆ ಯಾರಾದರೂ ಹೇಳಿಕೊಟ್ಟಿರಬಹುದೆಂಬ ಎಚ್ಚರದಿಂದ ನ್ಯಾಯಾಲಯಗಳು ಬೇರೆ ಆಧಾರವನ್ನು ಹುಡುಕಿಯೇ ಹುಡುಕುತ್ತವೆ. ಮರಣೋತ್ತರ ಪರೀಕ್ಷೆಯ ವರದಿ, ಮಚ್ಚು ವಶಪಡಿಸಿಕೊಂಡ ಮಹಜರು, ನಿಮ್ಮ ಕೈಗೆ ಆದ ಗಾಯದ ಪ್ರಮಾಣಪತ್ರ, ಇವೆಲ್ಲ ಆ ಕಡತದಲ್ಲಿ ಇದ್ದೇ ಇರುತ್ತವೆ. ಚಿತ್ರದುರ್ಗದ ನ್ಯಾಯಾಲಯದ ನಕಲು ಶಾಖೆಯಲ್ಲಿ ತೀರ್ಪಿನ ದೃಢೀಕೃತ ಪ್ರತಿಗೆ ಅರ್ಜಿ ಹಾಕಿಸಿ, ಒಮ್ಮೆ ನೀವೇ ಓದಿರಿ. ಅಂದಹಾಗೆ, ಕೊಲೆ ರಾಜಿಯಾಗಬಲ್ಲ ಅಪರಾಧವಲ್ಲ. ಪಡಸಾಲೆಯಲ್ಲಿ ಕೂತಿದ್ದ ಆ ನಾಲ್ವರು ನಿಮ್ಮ ತಾಯಿಯಿಂದ ಕೇಳಿದ್ದು ಸುಳ್ಳು ಸಾಕ್ಷಿಯನ್ನು.

ಉತ್ತರ: ಅರಳಿಕಟ್ಟೆ, ಚಳ್ಳಕೆರೆ

ತಮ್ಮಾ, ನನಗೆ ಎಪ್ಪತ್ತು ದಾಟಿದೆ, ಇಂಥ ಎರಡು ಪ್ರಕರಣಗಳನ್ನು ಹತ್ತಿರದಿಂದ ಕಂಡವನು. ಸತ್ತವರಂತೂ ಸತ್ತರು, ಇದ್ದವರು ಬಾಳಬೇಡವೇ? ಅವರು ಶಿಕ್ಷೆ ಉಂಡು ಬಂದಿದ್ದಾರೆ, ವಯಸ್ಸೂ ಆಗಿದೆ. ನೀನೇ ಹೋಗಿ ಎರಡು ಮಾತನಾಡಿ ಬಂದರೆ ನಿನ್ನ ಮನಸ್ಸೂ ಹಗುರಾಗುತ್ತದೆ, ಊರಿಗೂ ಒಳ್ಳೆಯದಾಗುತ್ತದೆ.

ಉತ್ತರ: ವಾಡೆ ಮನೆ, ಹೊಳಲ್ಕೆರೆ

ಹಿರಿಯರ ಬಗ್ಗೆ ಗೌರವವಿದೆ, ಆದರೆ ಊರಿಗೆ ಒಳ್ಳೆಯದಾಗಲೆಂದು ಒಂಬತ್ತು ವರ್ಷದ ಹುಡುಗ ಮೂವತ್ತು ವರ್ಷ ಕಳೆದ ಮೇಲೂ ದುಡಿಯಬೇಕೆನ್ನುವುದು ನನಗೆ ಒಪ್ಪಿಗೆಯಿಲ್ಲ. ಊರಿನವರು ಒಂದು ದಿನವಾದರೂ ಈ ಹುಡುಗನ ಹತ್ತಿರ ಬಂದು ಎರಡು ಮಾತನಾಡಿದರೇ?

1988ರಲ್ಲಿ ನಮ್ಮ ಅಡಿಕೆ ತೋಟದ ಮನೆಗೆ ದರೋಡೆಕೋರರು ನುಗ್ಗಿದರು. ಅಜ್ಜಿ ನನ್ನನ್ನು ರಾಗಿ ತುಂಬಿಡುವ ವಾಡೆಯ ಹಿಂದೆ ತಳ್ಳಿ, ತಾನು ಅದಕ್ಕೆ ಅಡ್ಡವಾಗಿ ಕೂತಳು. ಬೆಳಗಾಗುವಷ್ಟರಲ್ಲಿ ಅಜ್ಜಿ ಇರಲಿಲ್ಲ. ನನಗೆ 8 ವರ್ಷ. ಆಮೇಲೆ ಮದುವೆ ಮನೆಯಲ್ಲಿ, ಜಾತ್ರೆಯಲ್ಲಿ, ಎಲ್ಲಿ ಹೋದರೂ "ಐದೂ ಜನರನ್ನು ಗುರುತಿಸಿದ ಹುಡುಗಿ ಇವಳೇ" ಎಂದು ತೋರಿಸುತ್ತಿದ್ದರು. ಹೊಗಳಿಕೆಯೇ ಸರಿ. ಆದರೆ ಅದನ್ನು ಕೇಳಿ ಕೇಳಿ, ನಾನು ಐದು ಮುಖಗಳನ್ನು ನೋಡಿದ್ದೇನೆಂದು ನಾನೇ ನಂಬಿದೆ. ಅವು ಕನಸಿನಲ್ಲಿಯೂ ಬರುತ್ತಿದ್ದವು. ನಾಲ್ಕು ವರ್ಷದ ಹಿಂದೆ ವಕೀಲರೊಬ್ಬರ ಮೂಲಕ ನನ್ನ ಹೇಳಿಕೆಯ ನಕಲು ತರಿಸಿದೆ. ಅರ್ಧ ಪುಟ ಅಷ್ಟೇ. ದೀಪ ಆರಿತ್ತು, ಯಾರ ಮುಖವೂ ಕಾಣಲಿಲ್ಲ, ಒಬ್ಬನ ಕಾಲಿನಲ್ಲಿ ಕಡಗ ಇತ್ತು ಎಂದು ಹೇಳಿದ್ದೆ. ಪಾಟೀ ಸವಾಲಿನಲ್ಲಿ ಯಾವ ಕಾಲು ಎಂದು ಕೇಳಿದ್ದಕ್ಕೆ ಗೊತ್ತಿಲ್ಲ ಎಂದಿದ್ದೆ. ಕೆಳಗೆ ನನ್ನ ಹೆಬ್ಬೆಟ್ಟಿನ ಗುರುತಿತ್ತು. ನಾನಾಗ ಸಹಿ ಮಾಡಬಲ್ಲವಳಾಗಿದ್ದೆ, ಯಾರೂ ಕೇಳಿರಲಿಲ್ಲವೆಂದು ಕಾಣುತ್ತದೆ.

ಅಣ್ಣ ಎನ್ನಲೋ ತಮ್ಮ ಎನ್ನಲೋ, ವಯಸ್ಸಿನಲ್ಲಿ ತಮ್ಮನೇ ಇರಬೇಕು. ಹೊಲಕ್ಕೆ ಹೋಗುವುದು ಬಿಡುವುದು ನಿನಗೆ ಬಿಟ್ಟಿದ್ದು, ಆದರೆ ಕರಿಕೋಟು ಅವರು ಹೇಳಿದ ಆ ಕಾಗದವನ್ನು ಮಾತ್ರ ತರಿಸು. ಅದನ್ನು ಒಬ್ಬನೇ ಕೂತು ಓದಬೇಡ. ನಾನು ಹಾಗೆ ಓದಿ ಎರಡು ದಿನ ಅಡುಗೆಮನೆಗೆ ಹೋಗಲಾಗಲಿಲ್ಲ. ಇನ್ನು ಏಕವಚನ ಬಹುವಚನದ ವಿಚಾರ. ನಾನು ನನ್ನ ಕಡಗದವನನ್ನು ಯಾವತ್ತೂ ಅವನು ಎಂದೇ ಕರೆದಿದ್ದೇನೆ, ನನಗೆ ಅವನು ಪರಕೀಯ. ನಿನಗೆ ಆ ಸೌಕರ್ಯವೂ ಸಿಗಲಿಲ್ಲ.

ಉತ್ತರ: ರಾತ್ರಿಪಾಳಿ, ದಾವಣಗೆರೆ

ನಾನು ಮನೋರೋಗ ವಿಭಾಗದಲ್ಲಿ ಕೆಲಸ ಮಾಡಿದ ಶುಶ್ರೂಷಕಿ. ಬಾಲ್ಯದಲ್ಲಿ ಇಂಥದ್ದನ್ನು ಕಂಡವರು ವರ್ಷಗಟ್ಟಲೆ ಚೆನ್ನಾಗಿಯೇ ಇದ್ದು, ಒಂದು ನೋಟಿಸು, ಒಂದು ವಾಸನೆ ಅಥವಾ ಒಂದು ತಾರೀಖು ಎದುರಾದಾಗ ಏಕಾಏಕಿ ನಿದ್ದೆ ಕಳೆದುಕೊಳ್ಳುವುದನ್ನು ನಾವು ನೋಡುತ್ತಲೇ ಇರುತ್ತೇವೆ. ಇದಕ್ಕೆ ಚಿಕಿತ್ಸೆಯಿದೆ. ಟೆಲಿ ಮಾನಸ್ ಸಹಾಯವಾಣಿಗೆ 14416ರಲ್ಲಿ ಹಗಲು ರಾತ್ರಿ ಯಾವಾಗಲಾದರೂ ಕನ್ನಡದಲ್ಲಿಯೇ ಮಾತನಾಡಬಹುದು, ಶುಲ್ಕವಿಲ್ಲ. ನಿದ್ದೆಯಿಲ್ಲದೆ ಎರಡು ವಾರ ಕಳೆದಿದ್ದರೆ ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರನ್ನು ಕಾಣಿರಿ. ಮೆಡಿಕಲ್ ಶಾಪಿನಲ್ಲಿ ಕೇಳಿ ನಿದ್ದೆ ಮಾತ್ರೆ ನುಂಗಬೇಡಿರಿ.

ಪ್ರಶ್ನೆ ಕೇಳಿದವರು: ಖುಷ್ಕಿ ಹೊಲ

ಎಲ್ಲರಿಗೂ ನಮಸ್ಕಾರ. ಅರಳಿಕಟ್ಟೆ ಅವರ ಮೇಲೆ ನನಗೆ ಬೇಸರವಿಲ್ಲ. ಅವ್ವನ ಅಣ್ಣಂದಿರೂ ಅದನ್ನೇ ಹೇಳುತ್ತಾರೆ, ನನ್ನನ್ನು ಸಾಕಿದ ಮಾವ ಒಬ್ಬರನ್ನು ಬಿಟ್ಟು. ಅಧಿಕಾರ ಪತ್ರವನ್ನು ಆ ಮಾವನ ಹೆಸರಿಗೇ ಬರೆಸಿದ್ದೇನೆ. ಮೋಜಣಿ ಮುಂದಿನ ಗುರುವಾರ. ಹೊಲದವರೆಗೆ ಹೋಗುವುದಿಲ್ಲ, ಜಗಳೂರಿನ ಬಸ್ ನಿಲ್ದಾಣದಲ್ಲಿ ಕಾದು ಕೂತಿರುತ್ತೇನೆ.

ನಿನ್ನೆ ಚಿತ್ರದುರ್ಗಕ್ಕೆ ಹೋಗಿ ನಕಲು ಅರ್ಜಿ ಹಾಕಿಸಿದೆ. ಪ್ರಕರಣದ ಸಂಖ್ಯೆ ನನ್ನ ಬಳಿ ಇರಲಿಲ್ಲ. ಇಸವಿ, ಠಾಣೆ ಮತ್ತು ಅಪ್ಪನ ಹೆಸರು ಹೇಳಿದೆ. ಗುಮಾಸ್ತರು ಅದನ್ನು ಬರೆದುಕೊಂಡು, ಹಳೆಯ ಕಡತವಾದ್ದರಿಂದ ದಾಖಲೆ ಕೋಣೆಯಲ್ಲಿ ಹುಡುಕಬೇಕು, ಹದಿನೈದು ದಿನ ಬಿಟ್ಟು ಬನ್ನಿ ಎಂದರು. ಆಮೇಲೆ ಅರ್ಜಿಯಿಂದ ತಲೆ ಎತ್ತದೆಯೇ, ಮೃತರು ನಿಮಗೆ ಏನಾಗಬೇಕು ಎಂದು ಕೇಳಿದರು. ವಾಡೆ ಮನೆ ಅಕ್ಕ, ಪ್ರತಿ ಕೈಗೆ ಬಂದ ದಿನ ನಿಮಗೆ ಒಂದು ಸಂದೇಶ ಕಳಿಸಿ, ಆಮೇಲೆಯೇ ತೆರೆಯುತ್ತೇನೆ.